ಪೆಟ್ರೋಲ್ ಬಿಟ್ಟು ಕರೆಂಟಿಗೆ ಬಂದ ಗಾಲ್ಫ್ ಕಾರ್ಟ್: ಯಾವುದಕ್ಕೆ ರೊಕ್ಕ ಹಾಕಬೇಕು, ಯಾವುದಕ್ಕೆ ಬೇಡ

ಕಲಬುರಗಿಯಲ್ಲಿ ಗಾಲ್ಫ್ ಆಡುವವರನ್ನು ನಾನು ಈವರೆಗೆ ಕಂಡಿಲ್ಲ. ಗಾಲ್ಫ್ ಕಾರ್ಟುಗಳನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ. ರಿಂಗ್ ರೋಡಿನ ಆಚೆಯ ಫಂಕ್ಷನ್ ಹಾಲಿನಲ್ಲಿ ವಯಸ್ಸಾದವರನ್ನು ಗೇಟಿನಿಂದ ಮಂಟಪದವರೆಗೆ ಒಯ್ಯಲು, ಹೊಸ ಲೇಔಟಿನಲ್ಲಿ ಪ್ಲಾಟ್ ತೋರಿಸಲು, ತೊಗರಿ ಹೊಲದ ನಡುವಿನ ಫಾರ್ಮ್‌ಹೌಸಿನಲ್ಲಿ ಹಿಂಡಿ ಚೀಲ ಸಾಗಿಸಲು. ನಮ್ಮ ಕಣ್ಣಿಗೆ ಬೀಳುವ ಗಾಡಿಗಳು ಹೆಚ್ಚಾಗಿ ಹೈದರಾಬಾದ್ ಕಡೆಯಿಂದ ಸೆಕೆಂಡ್ ಹ್ಯಾಂಡ್ ಬಂದವು. ಅವುಗಳಲ್ಲಿ ಒಂದು ಜಾತಿ ಬೇರೆ: ಹುಟ್ಟಿದ್ದು ಪೆಟ್ರೋಲ್ ಗಾಡಿಯಾಗಿ, ಮಧ್ಯದಲ್ಲಿ ಯಾರೋ ಎಂಜಿನ್ ಇಳಿಸಿ ಮೋಟರ್ ಕೂರಿಸಿದ್ದು. ಸೋವಿಗೆ ಸಿಗುತ್ತದೆ, ಮೈಕಟ್ಟು ಗಟ್ಟಿ ಇರುತ್ತದೆ, ತಂದ ಮೂರು ತಿಂಗಳಿಗೆ ಶೆಡ್ಡಿನ ಮೂಲೆ ಸೇರುತ್ತದೆ.

ಹುಮನಾಬಾದ್ ರಸ್ತೆಯ ಕಡೆ ನಮ್ಮದೊಂದು ಬ್ಯಾಟರಿ ಅಂಗಡಿ. ಇ-ರಿಕ್ಷಾ, ಇನ್ವರ್ಟರುಗಳೇ ನಮ್ಮ ಅನ್ನ. ಕಾರ್ಟ್ ತಂದವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಲಿಥಿಯಂ ಹಾಕಸೋಣೇನ್ರಿ, ಇಲ್ಲಾ ನೀರಿನ ಬ್ಯಾಟರೀನೇ ಸಾಕೇನ್ರಿ?" ಅದಕ್ಕೆ ಉತ್ತರ ಇದೆ, ಆದರೆ ಅದು ಕೊನೆಯ ಪ್ರಶ್ನೆ. ಮೊದಲನೆಯದು ಗಾಡಿಯ ಹೊಟ್ಟೆಯ ಕೆಳಗಿದೆ.

ಗೋಣಿಚೀಲ ಹಾಸಿ ಕೆಳಗೆ ಮಲಗಿ

ಹಿಂದಿನ ಆಕ್ಸಲ್ ನೋಡಿ. ಕಂಪನಿಯಿಂದಲೇ ಎಲೆಕ್ಟ್ರಿಕ್ ಆಗಿ ಬರುವ ಕಾರ್ಟಿನಲ್ಲಿ ಮೋಟರು ಆಕ್ಸಲಿನ ಗೇರ್‌ಬಾಕ್ಸಿಗೇ ನೇರವಾಗಿ ಬೋಲ್ಟ್ ಆಗಿರುತ್ತದೆ. ನಡುವೆ ಬೆಲ್ಟಿಲ್ಲ, ಚೈನಿಲ್ಲ. ಮೋಟರು ಸುಮಾರು 12 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಪೆಟ್ರೋಲ್ ಕಾರ್ಟಿನ ವ್ಯವಸ್ಥೆಯೇ ಬೇರೆ: ಎಂಜಿನ್ ಮೇಲೊಂದು ಕ್ಲಚ್, ಆಕ್ಸಲ್ ಮೇಲೊಂದು ಕ್ಲಚ್, ಎರಡರ ನಡುವೆ ಸ್ಕೂಟಿಯಲ್ಲಿರುವಂಥ ರಬ್ಬರ್ ಬೆಲ್ಟ್. ರಿವರ್ಸ್ ಗೇರು ಸಾಮಾನ್ಯವಾಗಿ ಆಕ್ಸಲಿನ ಗೇರ್‌ಬಾಕ್ಸ್ ಒಳಗೇ ಇರುತ್ತದೆ.

ಎಂಜಿನ್ ತೆಗೆದವನು ಎರಡರಲ್ಲಿ ಒಂದು ಮಾಡಿರುತ್ತಾನೆ. ಆಕ್ಸಲನ್ನೂ ಬದಲಿಸಿ ಎಲೆಕ್ಟ್ರಿಕ್ ಕಾರ್ಟಿನ ಆಕ್ಸಲ್, ಮೋಟರು ಎರಡನ್ನೂ ಒಟ್ಟಿಗೆ ಹಾಕಿದ್ದರೆ ಕೆಲಸ ಗೊತ್ತಿದ್ದವನು ಎಂದು ತಿಳಿಯಿರಿ, ಅಂಥ ಗಾಡಿಗೆ ರೊಕ್ಕ ಹಾಕಬಹುದು. ಪೆಟ್ರೋಲ್ ಆಕ್ಸಲನ್ನೇ ಉಳಿಸಿ, ಚೌಕಟ್ಟಿಗೆ ಒಂದು ಪಟ್ಟಿ ವೆಲ್ಡ್ ಮಾಡಿ, ಮೋಟರನ್ನು ಚೈನಿನಿಂದಲೋ ಬೆಲ್ಟಿನಿಂದಲೋ ಜೋಡಿಸಿದ್ದರೆ ಸ್ವಲ್ಪ ಯೋಚಿಸಿ. ನಮ್ಮ ಎರೆಮಣ್ಣಿನ ಧೂಳು ಗ್ರೀಸ್ ಜೊತೆ ಸೇರಿದರೆ ಚೈನಿಗೆ ಸಾಣೆಕಲ್ಲು ಹಿಡಿದಂತೆ. ಮೋಟರಿನ ಪಟ್ಟಿ ಎರಡು ಮಿಲಿಮೀಟರ್ ವಾರೆಯಾದರೂ ಬೆಲ್ಟಿನ ಅಂಚು ನೂಲುನೂಲಾಗಿ ಬಿಚ್ಚುತ್ತದೆ. ಇಂಥ ಗಾಡಿಯನ್ನು ಇಟ್ಟುಕೊಳ್ಳುವುದಾದರೆ ಗೇರ್‌ಬಾಕ್ಸಿನ ಲಿವರನ್ನು ಮುಂದಿನ ಗೇರಿನಲ್ಲೇ ಭದ್ರ ಮಾಡಿ, ಹಿಂದಕ್ಕೆ ಹೋಗುವುದನ್ನು ಮೋಟರಿಗೇ ಬಿಡಿ. ಲಿವರೂ ಒಂದು, ಸ್ವಿಚ್ಚೂ ಒಂದು ಎಂದು ಎರಡೂ ಇದ್ದರೆ, ಮುಂದೆ ಹೋಗಬೇಕಾದ ಗಾಡಿ ಒಂದು ದಿನ ಹಿಂದಿನ ಗೋಡೆಗೆ ಹೋಗುತ್ತದೆ.

ಕೆಳಗೆ ಮಲಗಿರುವಾಗಲೇ ಬ್ರೇಕ್ ನೋಡಿಬಿಡಿ. ಹೆಚ್ಚಿನ ಕಾರ್ಟುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಅದೂ ಕೇಬಲ್ ಎಳೆಯುವ ಡ್ರಮ್ಮು. ಪೆಟ್ರೋಲ್ ಇದ್ದಾಗ ಇಳಿಜಾರಿನಲ್ಲಿ ಎಂಜಿನ್ ಒಂದಿಷ್ಟು ಹಿಡಿದುಕೊಳ್ಳುತ್ತಿತ್ತು. ಹಳೆಯ ಸೀರೀಸ್ ಮೋಟರು (ತಿರುಗುವ ಸುರುಳಿಗೂ ಹೊರಗಿನ ಸುರುಳಿಗೂ ಒಂದೇ ಕರೆಂಟ್ ಹರಿಯುವಂಥದ್ದು) ಹಾಗೆ ಹಿಡಿಯುವುದಿಲ್ಲ, ಪೆಡಲ್ ಬಿಟ್ಟರೆ ಗಾಡಿ ಬಂಡಿಯಂತೆ ಉರುಳುತ್ತದೆ. ಅದರ ಮೇಲೆ ಸೀಟಿನ ಕೆಳಗೆ ಆರು ಸೀಸದ ಬ್ಯಾಟರಿ, ಅಂದರೆ ಅದೇ ನೀರಿನ ಬ್ಯಾಟರಿ. ಒಂದೊಂದೂ ಸುಮಾರು 28 ಕೆಜಿ, ಒಟ್ಟು 168 ಕೆಜಿ. ಪೆಟ್ರೋಲ್ ಗಾಡಿಯ ಪಟ್ಟಿ ಸ್ಪ್ರಿಂಗುಗಳು ಆ ಲೆಕ್ಕದವಲ್ಲ, ಅವು ನೇರವಾಗಿ ಮಲಗಿಬಿಟ್ಟಿರುತ್ತವೆ. ಆದ್ದರಿಂದ ಮೊದಲ ರೂಪಾಯಿ ಬ್ರೇಕ್ ಶೂ, ಕೇಬಲ್, ಸ್ಪ್ರಿಂಗಿಗೆ. ಮಾಲೀಕರಿಗೆ ಈ ಮಾತು ಹಿಡಿಸುವುದಿಲ್ಲ. ಬ್ರೇಕ್ ಹಾಕಿಸಿದ್ದನ್ನು ಬಂಧುಬಳಗಕ್ಕೆ ತೋರಿಸಲು ಆಗುವುದಿಲ್ಲವಲ್ಲ.

ಒಮ್ಮೊಮ್ಮೆ ಹಳೆಯ ಪೆಟ್ರೋಲ್ ಟ್ಯಾಂಕ್ ಅಲ್ಲೇ ಕೂತಿರುತ್ತದೆ. ಖಾಲಿ ಇದೆ ಎನ್ನುತ್ತಾರೆ. ಖಾಲಿ ಟ್ಯಾಂಕಿನಲ್ಲಿ ಇರುವುದೇ ಆವಿ, ಪಕ್ಕದಲ್ಲಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ಬ್ಯಾಟರಿ. ಅವತ್ತೇ ಕಿತ್ತು ಹಾಕಿ.

ವೈರು

ಎರಡನೇ ರೂಪಾಯಿ ವೈರಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ "ಬ್ಯಾಟರಿ ಹೋಗ್ಯಾದ" ಎಂದು ಬರುವ ಗಾಡಿಗಳಲ್ಲಿ ಬ್ಯಾಟರಿಯದು ಪಾಪ ಏನೂ ತಪ್ಪಿರುವುದಿಲ್ಲ.

ಮನೆ ವೈರಿಂಗಿನ ಅಭ್ಯಾಸ ಇರುವವರು 10 ಸ್ಕ್ವೇರ್ ಎಂಎಂ ವೈರನ್ನು ಭಾರೀ ದಪ್ಪ ಎಂದುಕೊಳ್ಳುತ್ತಾರೆ. 48 ವೋಲ್ಟಿನ ಕಾರ್ಟು ಹೊರಡುವ ಕ್ಷಣದಲ್ಲಿ 200 ಆಂಪ್ ಎಳೆಯುವುದು ಮಾಮೂಲಿ. ಹೋಗಿಬರುವ ಉದ್ದ ಒಟ್ಟು 4 ಮೀಟರ್ ಹಿಡಿದರೆ, 10 ಸ್ಕ್ವೇರಿನ ತಾಮ್ರದಲ್ಲಿ ಆಗ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ, 275 ವ್ಯಾಟ್ ಬರೀ ವೈರು ಕಾಯಲು ಹೋಗುತ್ತದೆ. 35 ಸ್ಕ್ವೇರ್ ಹಾಕಿದರೆ ನಷ್ಟ 0.4 ವೋಲ್ಟ್, 80 ವ್ಯಾಟ್. ತುದಿಯ ಲಗ್ಗನ್ನು (ವೈರನ್ನು ತಿರುಪಿಗೆ ಕೂರಿಸುವ ಲೋಹದ ಕಿವಿ) ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರಂತೂ ಬಿಸಿ ಅಲ್ಲೇ ಮನೆ ಮಾಡುತ್ತದೆ. ಒಂದು ಸುತ್ತು ಓಡಿಸಿ ಬಂದು ಪ್ರತಿ ಲಗ್ಗಿನ ಇನ್ಸುಲೇಶನ್ ಮೇಲೆ ಬೆರಳ ಹಿಂಬದಿ ಇಟ್ಟು ನೋಡಿ. ಯಾವುದು ಚುರ್ ಎನ್ನುತ್ತದೋ ಅದನ್ನು ಬಿಚ್ಚಿ. ಒಳಗೆ ಹಸಿರು ಪುಡಿ ಸಿಗುತ್ತದೆ.

ಇನ್ನೆರಡು ಕಾಯಿಲೆ. ಒಂದು, ಮನೆಯ ಎಸಿ ಎಂಸಿಬಿಯನ್ನು ಇಲ್ಲಿ ಮೇನ್ ಸ್ವಿಚ್ ಮಾಡುವುದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿ ಹಾಗೆ ಬರುವುದಿಲ್ಲ, ಕಿಡಿ ಎಳೆದುಕೊಂಡೇ ಹೋಗಿ ಒಳಗಿನ ಪಟ್ಟಿ ಅಂಟಿಕೊಳ್ಳುತ್ತದೆ. ಡಿಸಿಗೆಂದೇ ಇರುವ ಫ್ಯೂಸ್ ಹಾಕಿ, ಬ್ಯಾಟರಿಯ ಪ್ಲಸ್ ಹತ್ತಿರವೇ ಹಾಕಿ. ಎರಡನೆಯದು, ಲೈಟು ಹಾರ್ನಿಗೆಂದು ಸಾಲಿನ ಒಂದೆರಡು ಬ್ಯಾಟರಿಯಿಂದ ಮಾತ್ರ 12 ವೋಲ್ಟ್ ಕದಿಯುವುದು. ಅವು ಉಳಿದವಕ್ಕಿಂತ ಮೊದಲು ಸಾಯುತ್ತವೆ, ಸಾಯುವಾಗ ಸಾಲನ್ನೆಲ್ಲ ಜೊತೆಗೆ ಎಳೆದುಕೊಂಡು ಹೋಗುತ್ತವೆ. 48ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಇ-ರಿಕ್ಷಾ ಅಂಗಡಿಯಲ್ಲೇ ಸಿಗುತ್ತದೆ.

ಮೋಟರು, ಕಂಟ್ರೋಲರು: ಮೂರು ದಾರಿ

ಇರುವ ಮೋಟರು ಯಾವ ಜಾತಿಯದೆಂದು ತಿಳಿಯಲು ಮೀಟರ್ ಬೇಡ, ಕಣ್ಣು ಸಾಕು. ಮೈಮೇಲೆ ನಾಲ್ಕು ತಿರುಪು ಇರುತ್ತವೆ. ನಾಲ್ಕೂ ಒಂದೇ ದಪ್ಪ, ಎ1 ಎ2 ಎಸ್1 ಎಸ್2 ಎಂದಿದ್ದರೆ ಸೀರೀಸ್. ಎರಡು ದಪ್ಪ, ಎರಡು ಸಣ್ಣ, ಸಣ್ಣವಕ್ಕೆ ಎಫ್1 ಎಫ್2 ಎಂದಿದ್ದರೆ ಫೀಲ್ಡಿಗೆ, ಅಂದರೆ ಹೊರಗಿನ ಸುರುಳಿಗೆ, ಬೇರೆ ಕರೆಂಟ್ ಹೋಗುವ ಸೆಪೆಕ್ಸ್. ಒಂದರ ಕಂಟ್ರೋಲರು (ಪೆಡಲ್ ಒತ್ತಿದಷ್ಟು ಕರೆಂಟನ್ನು ಮೋಟರಿಗೆ ಅಳೆದು ಕೊಡುವ ಪೆಟ್ಟಿಗೆ) ಇನ್ನೊಂದಕ್ಕೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ತಂದು ಮೊದಲ ಪೆಡಲಿಗೇ ಸುಟ್ಟುಕೊಂಡವರು ಇದನ್ನು ನೋಡದೆ ತಂದವರು.

ಸೀರೀಸ್ ಮೋಟರನ್ನೇ ಉಳಿಸಿಕೊಳ್ಳುವುದು ಮೊದಲ ದಾರಿ. ನನ್ನ ಒಲವು ಇದರ ಕಡೆಗೇ. ಜಾಗದಿಂದ ಏಳುವ ಜೋರು ಇದರಷ್ಟು ಬೇರೆ ಯಾವುದರಲ್ಲೂ ಈ ಬೆಲೆಗೆ ಇಲ್ಲ. ಧೂಳು ತಿಂದು ಕಾರ್ಬನ್ ಬ್ರಷ್ ಸವೆಯುತ್ತವೆ, ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಾಮ್ಯುಟೇಟರ್ ಮೇಲೆ ಗೀರು ಬೀಳುತ್ತವೆ. ಬೋರ್‌ವೆಲ್ ಪಂಪಿನ ವೈಂಡಿಂಗ್ ಅಂಗಡಿಯವರು ಡಿಸಿ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಎಂದರೆ ಮುಖ ತಿರುಗಿಸುತ್ತಾರೆ, ಅದು ನಿಜ. ಆದರೆ ಲಾರಿಯ ಸೆಲ್ಫ್, ಡೈನಮೋ ಬಿಚ್ಚುವ ಉಸ್ತಾದನ ಹತ್ತಿರ ಹೋಗಿ. ಲೇತಿಗೆ ಹಾಕಿ ಕಾಮ್ಯುಟೇಟರನ್ನು ನವಿರಾಗಿ ತಿರುವಿ, ಮುರಿದ ಹ್ಯಾಕ್ಸಾ ಬ್ಲೇಡಿನಿಂದ ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಒಂದೊಂದಾಗಿ ಕೆರೆದು ತಗ್ಗಿಸಿ ಕೊಡುತ್ತಾನೆ. ಅರ್ಧ ದಿನದ ಕೆಲಸ, ಊರಲ್ಲೇ ಆಗುತ್ತದೆ. ಒಂದು ಎಚ್ಚರಿಕೆ: ಬಿಚ್ಚಿದ ಸೀರೀಸ್ ಮೋಟರನ್ನು ಬೆಂಚಿನ ಮೇಲೆ ಇಟ್ಟು 48 ವೋಲ್ಟ್ ಕೊಟ್ಟು "ಓಡ್ತದೇನ" ಎಂದು ನೋಡಬೇಡಿ. ಭಾರ ಇಲ್ಲದಿದ್ದರೆ ಅದರ ವೇಗಕ್ಕೆ ಮಿತಿಯಿಲ್ಲ, ಆರ್ಮೇಚರ್ ಸಿಡಿಯುತ್ತದೆ. 12 ವೋಲ್ಟಿನಲ್ಲಿ, ಗಟ್ಟಿಯಾಗಿ ಕಟ್ಟಿ, ಕ್ಷಣಮಾತ್ರ ನೋಡಿ.

ಎರಡನೇ ದಾರಿ ನಮ್ಮ ಊರಿನದು: ಇ-ರಿಕ್ಷಾದ ಬಿಎಲ್‌ಡಿಸಿ ಮೋಟರು, ಕಂಟ್ರೋಲರು, ಬೇಕಾದರೆ ಆಕ್ಸಲೂ. ಬ್ರಷ್ ಇಲ್ಲ, ಸಾಮಾನು ಸೋವಿ, ಮೂರು ದಪ್ಪ ವೈರು ಐದು ಸಣ್ಣ ವೈರು ಜೋಡಿಸಿದರೆ ಮುಗಿಯಿತು. ಕೆಟ್ಟರೆ ಮಧ್ಯಾಹ್ನದೊಳಗೆ ಹೊಸದು ಸಿಗುತ್ತದೆ. ತೊಡಕು ಎರಡು. ಇ-ರಿಕ್ಷಾ ಮೋಟರುಗಳು ಸಾಮಾನ್ಯವಾಗಿ 1 ಕಿಲೋವ್ಯಾಟ್ ಆಸುಪಾಸಿನವು. ಸಪಾಟ ನೆಲದಲ್ಲಿ ನಾಲ್ಕು ಜನರನ್ನು ಆರಾಮಾಗಿ ಒಯ್ಯುತ್ತವೆ, ದಿಣ್ಣೆ ಬಂದರೆ ಕಣ್ಣು ಮೇಲೆ ಮಾಡುತ್ತವೆ. ಲೆಕ್ಕ ಹಾಕಿ ನೋಡಿ: ಜನ ಸೇರಿ 700 ಕೆಜಿಯ ಗಾಡಿ, ನೂರು ಅಡಿಗೆ ಹತ್ತು ಅಡಿ ಏರುವ ದಾರಿಯಲ್ಲಿ ಗಂಟೆಗೆ 10 ಕಿಮೀ ಹೋಗಲು ಚಕ್ರದಲ್ಲೇ 1.9 ಕಿಲೋವ್ಯಾಟ್ ಬೇಕು, ಮಣ್ಣಿನ ಎಳೆತ ಬೇರೆ. ಇನ್ನೊಂದು, ಇ-ರಿಕ್ಷಾ ಒಟ್ಟು ಅಗಲವೇ ಒಂದು ಮೀಟರ್ ಸುಮಾರು, ಕಾರ್ಟಿನದು 1.2 ಮೀಟರ್. ಆ ಆಕ್ಸಲ್ ಹಾಕಿದರೆ ಹಿಂಭಾಗ ಒಳಗೆ ಸರಿದು, ತಿರುವಿನಲ್ಲಿ ಗಾಡಿ ಹೊಯ್ದಾಡುತ್ತದೆ. ನೋಡಲೂ ಚಂದ ಇರುವುದಿಲ್ಲ, ದೊಡ್ಡವರ ಅಂಗಿ ತೊಟ್ಟ ಹುಡುಗನ ಹಾಗೆ.

ಮೂರನೆಯದು ಎಸಿ ಇಂಡಕ್ಷನ್ ಮೋಟರಿನ ಪೂರ್ತಿ ಕಿಟ್. ಒಳ್ಳೆಯ ವಸ್ತು, ಸುಳ್ಳು ಹೇಳುವುದಿಲ್ಲ. ಇಳಿಜಾರಿನಲ್ಲಿ ತಾನೇ ಹಿಡಿದು ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ, ಬ್ರಷ್ ಇಲ್ಲ. ಆದರೆ ಕಂಟ್ರೋಲರು ಮುನಿಸಿಕೊಂಡರೆ ಕೆಂಪು ದೀಪ ಮಿಣುಕಿಸಿ ಸುಮ್ಮನಾಗುತ್ತದೆ. ಅದನ್ನು ಮಾತಾಡಿಸುವ ಪ್ರೋಗ್ರಾಮರ್ ಯಂತ್ರ ನಮ್ಮಲ್ಲಿ ಇಲ್ಲ. ಬಿಚ್ಚಿ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ ಕಾಯಬೇಕು. ಒಂದೇ ಗಾಡಿ ಇರುವವರಿಗೆ ನಾನು ಹೇಳುವುದಿಲ್ಲ. ಹತ್ತು ಗಾಡಿ ಇರುವ ಕ್ಯಾಂಪಸ್ಸಿಗೆ ಹೇಳುತ್ತೇನೆ, ಅವರು ಒಂದನ್ನು ನಿಲ್ಲಿಸಿ ಕಾಯಬಲ್ಲರು.

60 ವೋಲ್ಟ್, 72 ವೋಲ್ಟ್ ಮಾಡಿ ಓಡಿಸೋಣ ಎಂದು ಹುಡುಗರು ಬರುತ್ತಾರೆ. ಹಿಂದೆ ಎರಡು ಡ್ರಮ್ಮಿನ ಬ್ರೇಕ್ ಇರುವ ಗಾಡಿಗೆ ಅದನ್ನು ನಾನು ಮಾಡಿಕೊಡುವುದಿಲ್ಲ.

ಈಗ ಬ್ಯಾಟರಿ

ಸೀಸದ ಬ್ಯಾಟರಿಯಲ್ಲೇ ಮೂರು ಬಗೆ ಇವೆ. ಕಾರ್ಟಿಗೆಂದೇ ಬರುವ 6 ಅಥವಾ 8 ವೋಲ್ಟಿನವು ಒಳ್ಳೆಯವು, ಊರಲ್ಲಿ ಸಿಗುವುದಿಲ್ಲ. ಮನೆ ಇನ್ವರ್ಟರಿನ 150 ಆಂಪ್-ಅವರಿನ ಟ್ಯೂಬುಲರ್ ನಾಲ್ಕು ಹಾಕೋಣ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಎರಡು ಕಾರಣಕ್ಕೆ ಬೇಡ. ಎತ್ತರ ಜಾಸ್ತಿ, ಸೀಟು ಮುಚ್ಚುವುದಿಲ್ಲ. ಆ 150 ಎಂಬುದು 20 ಗಂಟೆ ನಿಧಾನವಾಗಿ ಇಳಿಸಿದಾಗಿನ ಲೆಕ್ಕ, ಒಂದೆರಡು ಗಂಟೆಯಲ್ಲಿ ಹಿಂಡಿದರೆ ಅಷ್ಟು ಕೊಡುವುದೇ ಇಲ್ಲ. ಉಳಿದದ್ದು ಇ-ರಿಕ್ಷಾದ ಗಿಡ್ಡ ಬ್ಯಾಟರಿ, 12 ವೋಲ್ಟಿನವು ನಾಲ್ಕು. ಸೀಟಿನ ಕೆಳಗೆ ಕೂರುತ್ತವೆ, ಹಳೆಯದನ್ನು ತೂಕಕ್ಕೆ ಕೊಟ್ಟು ಹೊಸದು ತರಬಹುದು.

ಹಳೆಯ ಸಾಲು ಬದುಕಿದೆಯೋ ಇಲ್ಲವೋ ನೋಡಲು ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸಾಕು. ಪೂರ್ತಿ ಚಾರ್ಜ್ ಮಾಡಿ ಪ್ರತಿ ಸೆಲ್ ಅಳೆಯಿರಿ. ಎಲ್ಲವೂ 1.260 ಸುತ್ತ ಇದ್ದು ಒಂದು ಮಾತ್ರ 1.200 ತೋರಿಸಿದರೆ, 0.050ಕ್ಕಿಂತ ಹೆಚ್ಚಿನ ಆ ಅಂತರವೇ ಉತ್ತರ, ಆ ಸೆಲ್ ಹೋಯಿತು. ನಮ್ಮಲ್ಲಿ ಈ ಅಳತೆ 27 ಡಿಗ್ರಿ ಲೆಕ್ಕದ್ದು. ಮೇ ತಿಂಗಳ ಮಧ್ಯಾಹ್ನ ಆಸಿಡ್ 45 ಡಿಗ್ರಿ ಇದ್ದರೆ ಓದಿದ್ದಕ್ಕೆ 0.013 ಸೇರಿಸಿಕೊಳ್ಳಿ, ಇಲ್ಲವಾದರೆ ಒಳ್ಳೆಯ ಬ್ಯಾಟರಿಯನ್ನೂ ಗುಜರಿಗೆ ಹಾಕುತ್ತೀರಿ. ನೀರು ಹಾಕುವಾಗ ಡಿಸ್ಟಿಲ್ಡ್ ನೀರು ಮಾತ್ರ. ನಮ್ಮ ಬೋರಿನ ನೀರು ಕಾಸಿದ ಪಾತ್ರೆಯ ತಳ ಹೇಗಿರುತ್ತದೆ ಎಂದು ಮನೆಯಲ್ಲಿ ಕೇಳಿ. ಎಸಿ ಯಂತ್ರದಿಂದ ತೊಟ್ಟಿಕ್ಕುವ ನೀರು ಶುದ್ಧ ಎಂದು ಹಿಡಿದಿಡುವವರೂ ಇದ್ದಾರೆ. ಅದರಲ್ಲಿ ಕೋಣೆಯ ಧೂಳೆಲ್ಲ ತೊಳೆದು ಬಂದಿರುತ್ತದೆ.

ಲಿಥಿಯಂ ಎಂದರೆ ಇಲ್ಲಿ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, 3.2 ವೋಲ್ಟಿನ 16 ಸೆಲ್, ಒಟ್ಟು 51.2 ವೋಲ್ಟ್. ನಮಗೆ ಬಂದ ಕೊಟೇಶನ್‌ಗಳಲ್ಲಿ ಬೆಲೆ ಇ-ರಿಕ್ಷಾ ಬ್ಯಾಟರಿಯ ದುಪ್ಪಟ್ಟಿನಷ್ಟಿತ್ತು. ತೂಕ 50 ಕೆಜಿ ಆಸುಪಾಸು, ಸ್ಪ್ರಿಂಗಿಗೂ ಬ್ರೇಕಿಗೂ ನಿರಾಳ. 100 ಆಂಪ್-ಅವರಿನ ಪ್ಯಾಕಿನಲ್ಲಿ 5 ಯೂನಿಟ್ ಇರುತ್ತದೆ, ನಾಲ್ಕನ್ನು ಅಂಜಿಕೆಯಿಲ್ಲದೆ ಬಳಸಬಹುದು. ಕಿಲೋಮೀಟರಿಗೆ 100 ವ್ಯಾಟ್-ಅವರ್ ಹಿಡಿದರೆ 40 ಕಿಮೀ. ಸೀಸದ್ದನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದಷ್ಟೂ ಆಯುಸ್ಸು ಕಡಿಮೆ.

ಲಿಥಿಯಂನಲ್ಲಿ ನಾನೇ ಬಿದ್ದ ಗುಂಡಿ ಹೇಳುತ್ತೇನೆ. ಫಂಕ್ಷನ್ ಹಾಲೊಂದರ ಕಾರ್ಟಿಗೆ ಪ್ಯಾಕ್ ಹಾಕಿದೆ. ಅದರೊಳಗಿನ ಬಿಎಂಎಸ್ (ಮಿತಿ ಮೀರಿದರೆ ಕರೆಂಟ್ ಕಡಿದು ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) 100 ಆಂಪಿನದು. ದಿಣ್ಣೆ ಏರುವಾಗ 60 ಆಂಪ್ ಸಾಕು ಎಂದು ಲೆಕ್ಕ ಹಾಕಿದ್ದೆ, ಲೆಕ್ಕ ಸರಿಯಾಗಿಯೇ ಇತ್ತು. ಮರೆತದ್ದು ಹೊರಡುವ ಕ್ಷಣ. ಕಂಟ್ರೋಲರು 400 ಆಂಪಿನದು, ನಿಂತಲ್ಲಿಂದ ಏಳುವಾಗ ಬೇಕಾದಷ್ಟು ಎಳೆಯುತ್ತದೆ. ಮದುವೆ ದಿನ ಮದುಮಗನ ಅಜ್ಜಿ, ಇನ್ನಿಬ್ಬರು ಹಿರಿಯರು, ಒಂದು ಬುಟ್ಟಿ ಸುರಳಿ ಹೋಳಿಗೆ. ರ್‍ಯಾಂಪಿನ ಬುಡದಲ್ಲಿ ಟಕ್ ಎಂದು ಎಲ್ಲ ಆರಿಹೋಯಿತು. ಬಿಎಂಎಸ್ ತಾನೇ ಕಾಪಾಡಿಕೊಂಡಿತ್ತು. ಕೀ ಆಫ್ ಮಾಡಿ, ಕಾದು, ಆನ್ ಮಾಡಿ, ಪೆಡಲ್ ಒತ್ತಿದರೆ ಮತ್ತೆ ಟಕ್. ನಾಲ್ಕು ಹುಡುಗರು ತಳ್ಳಿದರು. ಒಳಗೆ ಅಕ್ಷತೆ ಬೀಳುವಾಗ ಅಜ್ಜಿ ಇನ್ನೂ ಹೊರಗೇ ಇದ್ದರು. ಇಳಿಯುವಾಗ ನನ್ನ ಕಡೆ ನೋಡಿ "ಎತ್ತಿನ ಗಾಡೀನೇ ಛಲೋ ಇತ್ತಪ್ಪಾ" ಎಂದರು. ಆಮೇಲೆ 200 ಆಂಪಿನ ಬಿಎಂಎಸ್ ಹಾಕಿ, ಕಂಟ್ರೋಲರಿನ ಮಿತಿಯನ್ನು ಅದಕ್ಕಿಂತ ಕೆಳಗೆ ಇಳಿಸಿದೆ. ಕಂಟ್ರೋಲರಿನ ಅತಿ ಹೆಚ್ಚಿನ ಆಂಪ್ ಎಷ್ಟು, ಬಿಎಂಎಸ್ ಅದನ್ನು ತಡೆಯುತ್ತದೆಯೇ ಎಂದು ಕೇಳದೆ ಯಾವ ಪ್ಯಾಕನ್ನೂ ಕೊಳ್ಳಬೇಡಿ.

ಹಳೆಯ ಸೀಸದ ಚಾರ್ಜರ್ ಇದಕ್ಕೆ ನಡೆಯದು, 58.4 ವೋಲ್ಟಿಗೆ ನಿಲ್ಲುವ ಎಲ್‌ಎಫ್‌ಪಿ ಚಾರ್ಜರೇ ಬೇಕು. ಹಳೆಯ ಮುಳ್ಳಿನ ಮೀಟರೂ ನಡೆಯದು. ಎಲ್‌ಎಫ್‌ಪಿಯ ವೋಲ್ಟೇಜು ಕೊನೆಯವರೆಗೂ ಹೆಚ್ಚು ಅಲುಗಾಡುವುದಿಲ್ಲ, ಮುಳ್ಳು ಫುಲ್ ತೋರಿಸುತ್ತಲೇ ಗಾಡಿ ನಿಲ್ಲುತ್ತದೆ. ಶಂಟ್ ಇರುವ, ಅಂದರೆ ಒಳಹೊರಗೆ ಹರಿದ ಕರೆಂಟನ್ನೇ ಎಣಿಸುವ ಮೀಟರ್ ಹಾಕಿಸಿ.

ಬಿಸಿಲಿನ ಮಾತು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42, 43 ದಾಟುತ್ತದೆ, ಯಾದಗಿರಿಯಲ್ಲೂ ಅದೇ ಕಥೆ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ಬಚಾವ್. ತಗಡಿನ ಶೆಡ್ಡಿನೊಳಗೆ ಸೀಟಿನ ಕೆಳಗಿನ ಕಾವು ಇನ್ನೂ ಹೆಚ್ಚು. ಎಲ್‌ಎಫ್‌ಪಿ ಪ್ಯಾಕುಗಳ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 45 ಡಿಗ್ರಿಯಷ್ಟು. ಮಧ್ಯಾಹ್ನ ಪ್ಲಗ್ ಹಾಕಿದರೆ ಬಿಎಂಎಸ್ ಒಲ್ಲೆ ಎನ್ನುತ್ತದೆ, ಜನ ಚಾರ್ಜರ್ ಕೆಟ್ಟಿತು ಎಂದು ಹೊತ್ತು ತರುತ್ತಾರೆ. ಸೀಸದ್ದು ಒಲ್ಲೆ ಎನ್ನುವುದಿಲ್ಲ, ಸುಮ್ಮನೆ ಆಯುಸ್ಸು ಕಳೆದುಕೊಳ್ಳುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಆಯುಸ್ಸು ಅರ್ಧ ಎಂಬುದು ಬ್ಯಾಟರಿಯವರ ಹಳೆಯ ಲೆಕ್ಕ. ಯಾವುದೇ ಇರಲಿ, ಬೆಳಗಿನ ಜಾವ ಚಾರ್ಜ್ ಮಾಡಿ.

ಯಾರಿಗೆ ಯಾವುದು

ಫಾರ್ಮ್‌ಹೌಸಿನಲ್ಲಿ ದಿನಾ ಐದಾರು ಕಿಲೋಮೀಟರ್ ಓಡುವ ಗಾಡಿಗೆ ಸೀರೀಸ್ ಮೋಟರು, ಇ-ರಿಕ್ಷಾ ಬ್ಯಾಟರಿ. ದಿನಾ ಚಾರ್ಜ್ ಆಗುವ ಸೀಸ ಚೆನ್ನಾಗಿಯೇ ಬಾಳುತ್ತದೆ, ಕೆಟ್ಟರೆ ಊರಲ್ಲೇ ರಿಪೇರಿ. ಸಪಾಟ ಲೇಔಟಿನಲ್ಲಿ ಪ್ಲಾಟ್ ತೋರಿಸುವವರು, ಮೂಲ ಮೋಟರು ಸುಟ್ಟಿದ್ದರೆ, ಬಿಎಲ್‌ಡಿಸಿಗೆ ಹೋಗಲಿ. ಕಾರ್ಟಿನ ಆಕ್ಸಲ್ ಮಾತ್ರ ಬದಲಿಸದಿರಲಿ, ಮೋಟರನ್ನು ಅದಕ್ಕೆ ಕೂರಿಸುವ ಅಡಾಪ್ಟರ್ ಪ್ಲೇಟನ್ನು ಕಪನೂರಿನ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು.

ಫಂಕ್ಷನ್ ಹಾಲಿನವರಿಗೆ ಲಿಥಿಯಂ ಎನ್ನುತ್ತೇನೆ, ಅದು ಓಡುವ ದಿನಗಳಿಗಾಗಿ ಅಲ್ಲ, ಓಡದ ದಿನಗಳಿಗಾಗಿ. ಆಷಾಢ ಬಂತು, ಮುಹೂರ್ತ ಇಲ್ಲ, ಗಾಡಿ ತಿಂಗಳುಗಟ್ಟಲೆ ನಿಂತಿತು. ಅರ್ಧ ಇಳಿದ ಸೀಸದ ಬ್ಯಾಟರಿ ಹಾಗೆ ನಿಂತರೆ ಪ್ಲೇಟುಗಳ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಶ್ರಾವಣದ ಮೊದಲ ಮದುವೆಗೆ ಏಳುವುದಿಲ್ಲ. ಎಲ್‌ಎಫ್‌ಪಿಯನ್ನು ಅರ್ಧ ಚಾರ್ಜಿನಲ್ಲಿ ಮೇನ್ ಆಫ್ ಮಾಡಿ ಬಿಟ್ಟರೆ ಅಷ್ಟು ದಿನ ಆರಾಮಾಗಿ ಮಲಗಿರುತ್ತದೆ.

ಬೆಲ್ಟಿನ ಪೆಟ್ರೋಲ್ ಆಕ್ಸಲ್, ಬಗ್ಗಿದ ಚೌಕಟ್ಟು, ಸುಟ್ಟ ಮೋಟರು ಮೂರೂ ಒಂದೇ ಗಾಡಿಯಲ್ಲಿದ್ದರೆ ಯಾವ ದಾರಿಯೂ ಬೇಡ, ಸೀಟು ಚಕ್ರ ಬಿಚ್ಚಿಕೊಂಡು ಉಳಿದದ್ದನ್ನು ತೂಕಕ್ಕೆ ಹಾಕಿ. ಏನೇ ಮಾಡಿಸಿದರೂ ಗಾಡಿ ಕಾಂಪೌಂಡ್ ಒಳಗಿನದೇ. ರಿಜಿಸ್ಟ್ರೇಶನ್ ಬೇಡದ ಎಲೆಕ್ಟ್ರಿಕ್ ಗಾಡಿಗಳ ಮಿತಿ 250 ವ್ಯಾಟ್, ಗಂಟೆಗೆ 25 ಕಿಮೀ. ಕಾರ್ಟಿನ ಮೋಟರು ಅದಕ್ಕಿಂತ ಎಷ್ಟೋ ದೊಡ್ಡದು, ಜೇವರ್ಗಿ ರಸ್ತೆಗೆ ಇಳಿಸಬೇಡಿ.

ಅಜ್ಜಿಯನ್ನು ನಿಲ್ಲಿಸಿದ ಆ ಗಾಡಿ ಈಗ ಓಡುತ್ತಿದೆ. ಮಾಲೀಕರ ತಕರಾರು ಒಂದೇ ಉಳಿದಿತ್ತು: ಸಪ್ಪಳ ಇಲ್ಲ, ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಆಡುವ ಮಕ್ಕಳಿಗೆ ಹಿಂದೆ ಗಾಡಿ ಬಂದದ್ದೇ ತಿಳಿಯುವುದಿಲ್ಲ. ಹಾರ್ನ್ ಒತ್ತಿದರೆ ಮಂತ್ರಕ್ಕೆ ಅಡ್ಡಿ ಎಂದು ಪುರೋಹಿತರು ಸಿಟ್ಟಾಗುತ್ತಿದ್ದರು. ಡ್ರೈವರ್ ಹುಡುಗ ಊರಿನಿಂದ ಎತ್ತಿನ ಕೊರಳ ಗೆಜ್ಜೆಸರ ತಂದು ಮುಂದಿನ ಬಂಪರಿಗೆ ಕಟ್ಟಿದ್ದಾನೆ.